ಚೇಳು ಪ್ರೊಫೆಸರರ ಏಣಿ

ಕಾಡುಚೇಳುಗಳು ಮರ ಹತ್ತುವ ಬಗ್ಗೆ ನಾನೂರು ಪುಟ ಬರೆದಿರುವ ನಮ್ಮ ಚೇಳು ಪ್ರೊಫೆಸರರು ಒಂದು ದಿನವೂ ಕುರ್ಚಿ ಹತ್ತಿ ಬಲ್ಬು ಬದಲಾಯಿಸಿದವರಲ್ಲ. ಎರಡನೇ ಮಹಡಿಯ ಕಿಟಕಿಯ ಬಳಿ ನಿಂತರೂ ಅವರಿಗೆ ತಲೆ ಸುತ್ತುತ್ತದೆ. ಸಭೆಗಳಲ್ಲಿ ಮಾತ್ರ, "ಮರಿಗಳು ಮರ ಹತ್ತೋದು ಯಾಕೆ ಗೊತ್ತೇನ್ರೀ? ಕೆಳಗಿರೋ ಹಿರಿಯರು ತಿಂದುಬಿಡ್ತಾರೆ ಅಂತ!" ಎಂದು ಮುಂದಿನ ಸಾಲಿನಲ್ಲಿ ಕೂತ ಹಿರಿಯ ಪ್ರೊಫೆಸರರ ಕಡೆ ನೋಡಿ ಮೀಸೆಯ ಮರೆಯಲ್ಲೇ ನಗುತ್ತಾರೆ. ಕಾಡಿಗೆ ಹೋದರೆ ಏಣಿ ಹತ್ತುವುದು ಅವರ ಹೆಂಡತಿ, ಕೆಳಗೆ ಏಣಿ ಹಿಡಿದು ಉಪನ್ಯಾಸ ಕೊಡುವುದು ಇವರು. "ತೊಗಟೆ ಸಂದೀಲಿ ಏನಿದೆ ನೋಡೇ?" "ಎರಡು ಮರಿ ಇವೆ ರೀ. ನಿಮ್ಮ ಸಿದ್ಧಾಂತ ಎಲ್ಲೂ ಕಾಣಿಸ್ತಿಲ್ಲ." ಆದರೂ ಪುಸ್ತಕದಲ್ಲಿ "ನಾವು ಹದಿನೆಂಟಡಿ ಏರಿದೆವು" ಎಂದೇ ಅಚ್ಚಾಗುತ್ತದೆ, ಆ 'ನಾವು' ಓದಿದಾಗಲೆಲ್ಲ ಆಕೆ ಕಿಸಕ್ಕನೆ ನಗುತ್ತಾರೆ. ಇರುವೆ ಕಚ್ಚಿದರೂ ಬೀದಿಗೆಲ್ಲ ಕೇಳುವಂತೆ ರಂಪ ಮಾಡುವ ಈ ಮಹಾನುಭಾವರ ಮಣಿಕಟ್ಟಿನ ಮೇಲೆ ಕಳೆದ ವಾರ, ಆಕೆ ತುದಿ ಮೆಟ್ಟಿಲಲ್ಲಿದ್ದಾಗ, ಮರದಿಂದ ಚೇಳೊಂದು ಬಿದ್ದು ಕುಟುಕಿತು. "ಏನ್ರೀ, ಉಪನ್ಯಾಸ ನಿಂತೇಹೋಯ್ತು?" ಎಂದು ಆಕೆ ಏನೂ ತಿಳಿಯದೆ ಮೇಲಿನಿಂದಲೇ ಛೇಡಿಸಿದರು. ಪ್ರೊಫೆಸರರು ಹಲ್ಲು ಕಚ್ಚಿ, ಎರಡೂ ಕೈಯಿಂದ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ನಿಧಾನಕ್ಕೆ ಇಳಿ, ಆತುರ ಏನಿಲ್ಲ" ಎಂದರು. ಆಕೆ ಒಂದೊಂದೇ ಮೆಟ್ಟಿಲು ಇಳಿದು ಎರಡೂ ಕಾಲು ನೆಲಕ್ಕೆ ಊರಿದ ಮೇಲೆಯೇ ಅವರು ಏಣಿ ಬಿಟ್ಟು, "ಅಯ್ಯಯ್ಯೋ, ಸತ್ತೆ!" ಎಂದು ಕಾಡೆಲ್ಲ ಮೊಳಗುವಂತೆ ಕಿರುಚಿದ್ದು.