ಜಯದೇವಪ್ಪನವರ ಹಾಯಿಬಟ್ಟೆ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರಿಗೂ ಸಮುದ್ರಕ್ಕೂ ಅಷ್ಟಕ್ಕಷ್ಟೆ. ಒಮ್ಮೆ ಮುರುಡೇಶ್ವರದಲ್ಲಿ ಮೊಣಕಾಲುದ್ದ ನೀರಿಗಿಳಿದು ಚಪ್ಪಲಿ ಕಳೆದುಕೊಂಡು ಬಂದಿದ್ದರು. ಆದರೂ ಕೆಲವು ವರ್ಷಗಳಿಂದ ಅವರು ಮೆಡಿಟರೇನಿಯನ್ ಸಮುದ್ರದ ಕಡಲ್ಗಳ್ಳರ ಪಡೆಗೆ ಅಧಿಪತಿ.

ಆ ಸಮುದ್ರ ಇರುವುದು ಹಳೇಬೀಡಿನಲ್ಲಿ, ನಿವೃತ್ತ ಗುಮಾಸ್ತ ವರದರಾಜರ ಊಟದ ಮೇಜಿನ ಮೇಲೆ. ನೀಲಿ ಲೈನಿಂಗ್ ಬಟ್ಟೆಯಲ್ಲಿ ಅದನ್ನು ಹೊಲಿದುಕೊಟ್ಟವನು ಬಸ್ತಿಹಳ್ಳಿಯ ದರ್ಜಿ ಪುಟ್ಟರಾಜು. ಭಾನುವಾರ ಬಂತೆಂದರೆ ಅದರ ಮೇಲೆ ಬೆರಳುದ್ದದ ಹಾಯಿಹಡಗುಗಳನ್ನು ಹೂಡಿ, ಸ್ಕೇಲಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಯುದ್ಧ. ವರದರಾಜರದು ವೆನಿಸ್ ನಗರದ ಪಡೆ. ಪುಟ್ಟರಾಜು ತೀರ್ಪುಗಾರ.

ಯುದ್ಧದಲ್ಲಿ ಸೋತರೆ ಜಯದೇವಪ್ಪನವರಿಗೆ ಬೇಸರವಿರಲಿಲ್ಲ. ಅವರ ನಿದ್ದೆ ಕೆಡಿಸಿದ್ದು ವರದರಾಜರ ಗಾಜಿನ ಬೀರು. ಪ್ರತಿ ವರ್ಷ ಆಯುಧಪೂಜೆ ಕಳೆದ ಮೇಲಿನ ಭಾನುವಾರ ಇಬ್ಬರೂ ಸ್ವಂತ ಕೈಯಿಂದ ಮಾಡಿದ ಒಂದೊಂದು ಹೊಸ ಹಡಗು ತರಬೇಕು. ಪುಟ್ಟರಾಜು ಮೆಚ್ಚಿದ ಹಡಗಿಗೆ ವರ್ಷವಿಡೀ ಬೀರುವಿನ ಮೇಲಿನ ಖಾನೆ. ಆ ಖಾನೆಗೆ ಇಲ್ಲಿಯವರೆಗೆ ಕಡಲ್ಗಳ್ಳರು ಕಾಲಿಟ್ಟಿರಲಿಲ್ಲ. ಅವರ ಹಡಗುಗಳೆಲ್ಲ ಕೆಳಗಿನ ಖಾನೆಯಲ್ಲಿ, ಉಪ್ಪಿನಕಾಯಿ ಜಾಡಿಯ ಮಗ್ಗುಲಲ್ಲಿ ಲಂಗರು ಹಾಕಿದ್ದವು.

ವರದರಾಜರ ಹಡಗಿನ ಹಗ್ಗಗಳು ರೆಪ್ಪೆಗೂದಲಿನಷ್ಟು ನಯ. ಗುಟ್ಟೇನೆಂದರೆ, ಅವು ಅವರ ಹೆಂಡತಿ ಯದುಗಿರಿಯ ಬಾಚಣಿಗೆಯಿಂದ ಬಿಡಿಸಿದ ಕೂದಲು. ಇದನ್ನು ಪತ್ತೆ ಮಾಡಿದ ದಿನ ಜಯದೇವಪ್ಪನವರು ಮನೆಗೆ ಬಂದು, ಹೆಂಡತಿ ಶಾಂತಾದೇವಿಯವರ ಜಡೆಯನ್ನೇ ನೋಡುತ್ತ ನಿಂತರು.

"ಏನ್ರೀ ಹಂಗೆ ನೋಡ್ತೀರಿ?"

"ಒಂದೆರಡು ಎಳೆ ಕೊಡ್ತೀಯಾ?"

"ಉಳಿದಿರೋದೇ ಒಂದೆರಡು ಎಳೆ. ಅದೂ ಕಳ್ಳರ ಪಾಲಾ?"

ಹಗ್ಗದ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಒಂದು ಬೆಳಿಗ್ಗೆ ತೋಟದಲ್ಲಿ ತಲೆಯೆತ್ತಿದಾಗ ಅವರಿಗೆ ಜ್ಞಾನೋದಯವಾಯಿತು. ತೆಂಗಿನ ಮರದಲ್ಲಿ ಗರಿಯ ಬುಡಕ್ಕೆ ಸುತ್ತಿಕೊಂಡು ಕಂದು ಬಣ್ಣದ ಜಾಲರಿಯಂಥ ಬಟ್ಟೆಯೊಂದು ಇರುತ್ತದಲ್ಲ, ದೇವರೇ ನೇಯ್ದದ್ದು, ಸೀಮೆಯಲ್ಲಿ ಯಾರೂ ಕಣ್ಣೆತ್ತಿ ನೋಡದ್ದು! ಅದನ್ನು ಬಿಡಿಸಿ, ತೊಳೆದು, ಎಳೆಎಳೆಯಾಗಿ ತೆಳುಮಾಡಿ ಇಸ್ತ್ರಿ ಹೊಡೆದರು. ಒಣಗಿದರೆ ಮುರಿಯುತ್ತಿತ್ತು. ಕೊಬ್ಬರಿ ವ್ಯಾಪಾರಿಯ ಬಳಿ ಎಲ್ಲ ಕಾಯಿಲೆಗೂ ಇರುವುದು ಒಂದೇ ಔಷಧ. ಕೊಬ್ಬರಿ ಎಣ್ಣೆಯಲ್ಲಿ ನೆನೆಸಿಟ್ಟರು. ಬಟ್ಟೆ ಮೆತ್ತಗಾಗಿ ಹೊಂಬಣ್ಣಕ್ಕೆ ತಿರುಗಿತು. ತ್ರಿಕೋನದ ಮೂರು ಹಾಯಿಗಳನ್ನು ಕತ್ತರಿಸಿ ಏರಿಸಿದಾಗ, ಆ ಹಡಗು ಆಫ್ರಿಕದ ಬಿಸಿಲಿನಲ್ಲಿ ಬೆಂದು ಈಗಷ್ಟೇ ಬಂದಂತಿತ್ತು.

ಆಯುಧಪೂಜೆ ಕಳೆದ ಭಾನುವಾರ ಎರಡು ಹಡಗುಗಳೂ ನೀಲಿ ಬಟ್ಟೆಯ ಮೇಲೆ ಅಕ್ಕಪಕ್ಕ ನಿಂತವು. ಪುಟ್ಟರಾಜು ಬಗ್ಗಿ, ಹೊಂಬಣ್ಣದ ಹಾಯಿಯನ್ನು ಬೆರಳಲ್ಲಿ ಸವರಿದ. "ಏನು ಬಟ್ಟೆ ಸ್ವಾಮಿ! ಈ ಸಲ..."

"ತಡೀ, ಮೊದ್ಲು ಪೂಜೆ," ಎಂದರು ಜಯದೇವಪ್ಪ.

ತಕ್ಕಡಿಯಿರಲಿ ಟೆಂಪೋ ಇರಲಿ, ಹೊಸದಕ್ಕೆ ವಿಭೂತಿ ಹಚ್ಚಿ ಕರ್ಪೂರದಾರತಿ ಎತ್ತದೆ ಬಳಕೆಗೆ ಇಳಿಸದ ಮನೆತನ ಅವರದು. ಈ ಪದ್ಧತಿಯನ್ನು ವೆನಿಸಿನ ಹಡಗುಗಳಿಗೂ ವಿಸ್ತರಿಸಿದವರು ಅವರೇ. ವರದರಾಜರ ಹಡಗಿಗೆ ಆರತಿ ಗಾಳಿಯಂತೆ ಬೀಸಿ ಹೋಯಿತು. ತಮ್ಮದರ ಮುಂದೆ ತಟ್ಟೆ ನಿಧಾನವಾಗಿ, ಭಕ್ತಿಯಿಂದ ಸುತ್ತತೊಡಗಿತು.

ಕೈ ಇಲ್ಲಿತ್ತು. ಹಾಳು ಕಣ್ಣು ಮಾತ್ರ ಪಕ್ಕದ ಹಡಗಿಗೆ ಹೋಯಿತು. ಆ ಹಗ್ಗ! ಈ ಸಲ ಏಣಿಯನ್ನೂ ಹೆಣೆದಿದ್ದಾನಲ್ಲ ಮಹರಾಯ! ಮೆಟ್ಟಿಲು ಮೆಟ್ಟಿಲಿಗೂ ಗಂಟು! ಅವರು ಆ ಏಣಿಯನ್ನು ಕಣ್ಣಿನಲ್ಲೇ ಹತ್ತುತ್ತಿರುವಾಗ ತಟ್ಟೆ ಕೊಂಚ ಮುಂದೆ ಜರುಗಿತು.

ಎಣ್ಣೆ ಕುಡಿದ ಹಾಯಿ ಭಗ್ಗೆಂದಿತು.

"ಅಯ್ಯಯ್ಯೋ, ಬೆಂಕಿ!" ಎಂದು ಕೂಗಿದ ಪುಟ್ಟರಾಜು, ಸಮುದ್ರದ ಅಂಚನ್ನೇ ಎತ್ತಿ ಹಡಗಿನ ಮೇಲೆ ಮುಚ್ಚಿದ. ಬೆಂಕಿ ಆರಿತು, ಮೆಡಿಟರೇನಿಯನ್‌ಗೆ ಒಂದು ತೂತು ಬಿತ್ತು. ಕಡಲ್ಗಳ್ಳರ ಹೆಮ್ಮೆಯಲ್ಲಿ ಉಳಿದದ್ದು ಕಪ್ಪಾದ ಮೂರು ಕಡ್ಡಿ.

"ಉಳಿದಿರೋದು ಒಂದೇ ಹಡಗು," ಎಂದ ಪುಟ್ಟರಾಜು ತಲೆ ಕೆರೆದುಕೊಳ್ಳುತ್ತ. "ಅದೇ ಗೆದ್ದೈತೆ ಅಂತ ಹೇಳ್ಬೇಕಾಯ್ತದೆ."

ವೆನಿಸಿನ ಹಡಗು ಮೇಲಿನ ಖಾನೆಗೆ ಏರಿತು. ಹೊಗೆ ವಾಸನೆಗೆ ಯದುಗಿರಿ ಮೂವರನ್ನೂ ಹಿತ್ತಲಿಗೆ ಅಟ್ಟಿ ಕಾಫಿ ಕೊಟ್ಟರು. ಗೆದ್ದ ವರದರಾಜರ ಮುಖದಲ್ಲಿ ಗೆಲುವೇ ಇರಲಿಲ್ಲ. ಲೋಟ ತಿರುಗಿಸುತ್ತ ಕೂತವರು ಕೊನೆಗೆ ಬಾಯಿಬಿಟ್ಟರು.

"ಜಯದೇವಪ್ಪನೋರೇ, ನಿಜ ಹೇಳ್ತೀನಿ. ನಿಮ್ಮ ಹಾಯಿ ನೋಡಿ ನನಗೆ ಎದೆ ಧಸಕ್ ಅಂತು. ನಂದು ಬರೀ ಹಳೇ ಪಂಚೆ ಕಣ್ರೀ. ಅಂಥ ಬಟ್ಟೆಗೆ ಎಷ್ಟು ವರ್ಷದಿಂದ ಹುಡುಕ್ತಿದೀನಿ ಗೊತ್ತಾ? ಬೆಂಗಳೂರಿನ ಅಂಗಡಿ ಎಲ್ಲಾ ಅಲೆದೆ. ಎಲ್ಲಿ ಸಿಕ್ತು ಹೇಳಿ, ದಮ್ಮಯ್ಯ."

ಸುಟ್ಟ ಹಡಗು, ಕೈತಪ್ಪಿದ ಖಾನೆ, ಉಪ್ಪಿನಕಾಯಿ ಜಾಡಿ ಎಲ್ಲವೂ ಆ ಕ್ಷಣ ಜಯದೇವಪ್ಪನವರ ಮನಸ್ಸಿನಿಂದ ಕರಗಿಹೋದವು. ವರದರಾಜರಿಗೆ ಹೊಟ್ಟೆಕಿಚ್ಚು! ಅದೂ ತಮ್ಮ ಮೇಲೆ! ಕಾಫಿ ಇದ್ದಕ್ಕಿದ್ದಂತೆ ಎಷ್ಟು ಚೆನ್ನಾಗಿತ್ತು!

"ಬಾಳ ದೂರದಿಂದ ತರಿಸಿದ್ದು ಕಣ್ರೀ," ಎಂದರು, ದೊಡ್ಡ ನಿಟ್ಟುಸಿರು ಬಿಟ್ಟು. "ಈಗ ಬರೋದೇ ನಿಂತೋಗಿದೆ."

ಪುಟ್ಟರಾಜು ಒಮ್ಮೆ ತಲೆಯೆತ್ತಿ ಮೇಲೆ ನೋಡಿದ, ಒಮ್ಮೆ ಜಯದೇವಪ್ಪನವರನ್ನು ನೋಡಿದ. ಆಮೇಲೆ ಮುಖವನ್ನು ಕಾಫಿ ಲೋಟದಲ್ಲಿ ಮುಳುಗಿಸಿದ.

ವರದರಾಜರ ನೆತ್ತಿಯ ನೇರಕ್ಕೆ, ಅವರದೇ ಹಿತ್ತಲಿನ ತೆಂಗಿನ ಮರದ ಕತ್ತಿನಲ್ಲಿ, ವೆನಿಸಿನ ಇಡೀ ನೌಕಾಪಡೆಗೆ ಸಾಕಾಗುವಷ್ಟು ಹಾಯಿಬಟ್ಟೆ ಜೋತುಬಿದ್ದಿತ್ತು.

"ಬನ್ನಿ ವರದರಾಜ್ರೇ, ಈ ಕಡೆ ಕೂತ್ಕೊಳ್ಳಿ," ಎಂದು ಜಯದೇವಪ್ಪನವರು ಎದ್ದು ಅವರ ಕುರ್ಚಿಯನ್ನು ಅಕ್ಕರೆಯಿಂದ ಸೂರಿನ ಕೆಳಕ್ಕೆ ಎಳೆದರು. "ಅಲ್ಲಿ ತಲೆ ಮೇಲೆ ಕಾಯಿ ಗೀಯಿ ಬಿದ್ದೀತು."