ಐದೂವರೆಗೆ ಎದ್ದು ಹೋಗುವವಳು

ನಿವೃತ್ತಿಯ ದಿನ ಹಾರ ಹಾಕಿ, ನಾನು ಲೇತ್ ಯಂತ್ರವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವನೆಂದು ಹೊಗಳಿದರು. ಆ ಮಾತನ್ನು ನಾನು ಅಂದೇ ನಂಬಲಿಲ್ಲ. ಮೂರು ದಶಕ ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಅದರ ಮುಂದೆ ನಿಂತವನಿಗೆ ಸ್ಪಷ್ಟವಾಗಿ ನೆನಪಿರುವುದು ಹತ್ತು ಗಂಟೆಯ ಟೀ ಮತ್ತು ಮಂಡಿನೋವು. ಆದರೂ ನನ್ನ ಕೈಯಿಂದ ಹೋದ ಬಿಡಿಭಾಗ ಅಳತೆ ತಪ್ಪಿ ಹಿಂದಿರುಗಿದ್ದು ಅಪರೂಪ. ಪ್ರೀತಿಯಿಲ್ಲದೆ ಅದು ಹೇಗಾಯಿತು ಎಂಬ ಕುತೂಹಲ ಮಾತ್ರ ಉಳಿದುಕೊಂಡಿತು.

ಕಳೆದ ವರ್ಷ ಅದೇ ಪ್ರಶ್ನೆ ಕಾಮಾಕ್ಷಿಪಾಳ್ಯದಲ್ಲಿ ಎದುರಾಯಿತು. ನನ್ನ ಬಳಿ ಕೆಲಸ ಕಲಿತವನೊಬ್ಬ ಈಗ ಅಲ್ಲೊಂದು ಸಣ್ಣ ವರ್ಕ್‌ಶಾಪಿನ ಮಾಲೀಕ. ಗದಗಿನ ಕಡೆಯಿಂದ ಬಂದು ಲಗ್ಗೆರೆಯಲ್ಲಿ ನೆಲೆಸಿದ ಹೆಣ್ಣುಮಗಳೊಬ್ಬಳು ಆರು ತಿಂಗಳಿಂದ ಅವನಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದಳು. ಆಕೆಯನ್ನು ಖಾಯಂ ಮಾಡಬೇಕೋ ಕಳುಹಿಸಿಬಿಡಬೇಕೋ ಎಂದು ಅವನು ನನ್ನನ್ನು ಕೇಳಿದ.

"ಅಳತೆ ತಪ್ಪಲ್ಲ ಸಾರ್. ಆದ್ರೆ ಪ್ಯಾಶನ್ನೇ ಇಲ್ಲ. ಐದೂವರೆ ಆಯ್ತು ಅಂದ್ರೆ ಎದ್ದು ಹೊರಟ್ರು. ಸೋಮವಾರದ ಮೀಟಿಂಗಲ್ಲಿ ಎಲ್ರೂ ಚಪ್ಪಾಳೆ ಹೊಡೀತಾರೆ, ಇವರು ಗಡಿಯಾರ ನೋಡ್ತಾರೆ."

"ನನ್ನ ಹತ್ರ ಇದ್ದಾಗ ನೀನೂ ಗಡಿಯಾರಾನೇ ನೋಡ್ತಿದ್ದೆ ಕಣಯ್ಯ."

"ಆಗ ನಾನು ಓನರ್ ಆಗಿರ್ಲಿಲ್ವಲ್ಲ ಸಾರ್!" ಎಂದು ನಕ್ಕ.

ಯಾರ ವರದಿಯನ್ನೂ ಕಣ್ಣಾರೆ ಕಾಣದೆ ಒಪ್ಪುವವನಲ್ಲವಾದ್ದರಿಂದ ಸಂಜೆಯವರೆಗೂ ಅಲ್ಲೇ ಕುಳಿತೆ. ಐದೂವರೆಗೆ ಆಕೆ ಎದ್ದದ್ದು ನಿಜ. ಆದರೆ ಏಳುವ ಮುನ್ನ ಅಳತೆ ನೋಡುವ ಮೈಕ್ರೋಮೀಟರನ್ನು ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬಿಡಿಭಾಗವನ್ನು ಹಿಡಿಯುವ ಅದರ ಎರಡು ಮುಖಗಳ ನಡುವೆ ಒಂದಿಷ್ಟು ಸಂದು ಬಿಟ್ಟು ಪೆಟ್ಟಿಗೆಯಲ್ಲಿಟ್ಟಳು. ಬಿಗಿಯಾಗಿ ಮುಚ್ಚಿಟ್ಟರೆ ಮುಖಗಳು ಒಂದಕ್ಕೊಂದು ಅಂಟಿ ಕೆಡುತ್ತವೆ. ಪಕ್ಕದ ಮೇಜಿನಲ್ಲಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಾನೆಂದು ಮಾಲೀಕ ಹೇಳಿದ್ದವನ ಮೈಕ್ರೋಮೀಟರ್ ಪೆಟ್ಟಿಗೆಯೊಳಗೆ ಮುಖಗಳು ಬಿಗಿಯಾಗಿ ಮುಚ್ಚಿ ಬಿದ್ದಿತ್ತು.

"ಕೆಲಸದ ಮೇಲೆ ಅಷ್ಟು ಪ್ರೀತಿಯೇನಮ್ಮಾ?" ಎಂದೆ.

"ಪ್ರೀತಿ ಎಲ್ಲಿಂದ ಬಂತ್ರೀ ಅಜ್ಜಾರ? ಮುಚ್ಚಿಟ್ರ ಮುಂಜಾನಿಗೆ ಕಚ್ಕೊಂಡು ಕುಂತಿರತೈತಿ. ಬಿಡ್ಸಾಕಿ ನಾನಾ ಅಲ್ರೀ?" ಎಂದವಳೇ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡಿದಳು.

ಅದು ಸ್ವಾರ್ಥವೋ, ಕಸುಬಿನ ಮರ್ಯಾದೆಯೋ, ಕೇವಲ ಅಭ್ಯಾಸವೋ ನನಗೆ ತಿಳಿಯಲಿಲ್ಲ. ಬಹುಶಃ ನನ್ನದೂ ಅದೇ ಆಗಿತ್ತು. ಮಾಲೀಕನನ್ನು ಕರೆದು ಎರಡು ಪೆಟ್ಟಿಗೆಗಳನ್ನೂ ತೆರೆದಿಟ್ಟೆ. "ಇದ್ರಲ್ಲಿ ಪ್ಯಾಶನ್ ಯಾವುದು, ತೋರ್ಸು."

ಅವನು ಎರಡನ್ನೂ ಕೈಗೆತ್ತಿಕೊಂಡು ನೋಡಿದ. "ಸಂದು ಬಿಡೋದು ನೀವೇ ಹೇಳ್ಕೊಟ್ಟಿದ್ದು ಸಾರ್."

"ಹೇಳ್ಕೊಟ್ಟಿದ್ದು ಹೌದು. ಪ್ರೀತಿಸು ಅಂತ ಯಾವತ್ತಾದ್ರೂ ಹೇಳಿದ್ನಾ?"

ಅವನು ಬಿಗಿಯಾಗಿದ್ದ ಮೈಕ್ರೋಮೀಟರಿಗೂ ಸಂದು ಬಿಟ್ಟು ಪೆಟ್ಟಿಗೆ ಮುಚ್ಚಿದ. ಮರುವಾರ ಖಾಯಂ ಪತ್ರವನ್ನು ನನ್ನೆದುರಿಗೇ ಆಕೆಯ ಕೈಗಿತ್ತ. ಆಕೆ ಅದನ್ನು ಎರಡು ಸಲ ಓದಿ, ಮಡಚಿ, ಕೇಳಿದಳು: "ಐದೂವರಿಗೇ ಹೋಗಬೌದಲ್ರೀ ಸರ?"

ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ.

"ಹೋಗಿಬನ್ನಿ," ಎಂದ.