ಕ್ಲಿಯರ್ ಕೋಟಿನಲ್ಲಿ ಕೆಂಪು ಕಣ

ಬೇಲೆಕೇರಿಯಲ್ಲಿ ಕೆಂಪು ಅದಿರಿನ ಲಾರಿಗಳನ್ನು ಒಳಗೆ ಬಿಡುವ ಗೇಟಿನಲ್ಲಿ ಆಗ ನನ್ನ ಕೆಲಸ. ಪಾಳಿ ಮುಗಿದದ್ದೇ ನೇರ ಅಂಕೋಲೆಯ ಪೇಂಟರರ ಶೆಡ್ಡಿಗೆ ಹೋಗುತ್ತಿದ್ದೆ. ನನ್ನ ಹಳೆಯ ಕಾರಿಗೆ ಅಲ್ಲಿ ಹೊಸದಾಗಿ ಕಪ್ಪು ಬಣ್ಣ ಹೊಡೆದಾಗಿತ್ತು. ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್ ಒಂದೇ ಬಾಕಿ. ಪೇಂಟರು ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿಕೊಂಡು ಅದನ್ನು ಹೊಡೆಯುತ್ತಿದ್ದರು. ನನಗೆಲ್ಲಿಯ ತಾಳ್ಮೆ? ಗೋಣಿ ಸರಿಸಿ ಒಳನುಗ್ಗಿ, ಹಸಿ ಬಾನೆಟ್ಟಿನ ಮೇಲೆ ಬಗ್ಗಿ ನೋಡುತ್ತಿದ್ದೆ. ಒಣಗಿದ ಮೇಲೆ ನೋಡಿದರೆ ಕೋಟಿನೊಳಗೆ ಕೆಂಪು ಕಣಗಳು; ಉಜ್ಜಿ ಎರಡನೆಯ ಸಲ ಹೊಡೆದರೂ ಅದೇ.

"ಇಷ್ಟು ಧೂಳು ತಡೂಕೆ ಆಗೂದಿಲ್ವ ನಿಮ್ಗೆ?" ಎಂದು ಹಾರಾಡಿದೆ. ಅವರು ವಾಟರ್ ಪೇಪರ್ ಹಿಡಿದು ಆ ಕೋಟನ್ನು ಮತ್ತೆ ಉಜ್ಜಿ ತೆಗೆದರು.

ಮೂರನೆಯ ಸಲ ಹೊಡೆಯುವ ಮೊದಲು ಇಷ್ಟೇ ಅಂದರು: "ನಾಳೆ ನೀವು ಬರೂದು ಬೇಡ. ಒಣಗಿದ ಮೇಲೆ ನಾನೇ ಫೋನ್ ಮಾಡ್ತೆ."

ಫೋನ್ ಬಂದ ದಿನ ಕೆಲಸದಿಂದಲೇ ಹೋದೆ. ಬಾನೆಟ್ಟಿನಲ್ಲಿ ಒಂದು ಕಣವೂ ಇರಲಿಲ್ಲ, ಕನ್ನಡಿಯಂತೆ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ. ಹುಬ್ಬು, ಕಾಲರು, ಹೆಗಲಿಗೆಲ್ಲ ಕೆಂಪು ಧೂಳು ಕೂತ ಮನುಷ್ಯನೊಬ್ಬ ಅದರೊಳಗಿಂದ ನನ್ನನ್ನೇ ನೋಡುತ್ತಿದ್ದ.

ಪೇಂಟರು ಆಚೆ ತಿರುಗಿಕೊಂಡು ಸ್ಪ್ರೇ ಗನ್ ತೊಳೆಯುತ್ತಿದ್ದರು.